ಕಾಫಿ ಕಪ್ಪಿನ ಮೇಲಿನ ಹೃದಯ ಹಾಲಿನ ಜಗ್ಗಿನಲ್ಲೇ ಶುರುವಾಗುತ್ತದೆ

ಪ್ರಶ್ನೆ: ನಾನು ಮತ್ತು ನನ್ನ ತಂಗಿ ಸೇರಿ ಇನ್ನು ಮೂರು ತಿಂಗಳಲ್ಲಿ ಒಂದು ಚಿಕ್ಕ ಕಾಫಿ ಶಾಪ್ ತೆರೆಯುತ್ತಿದ್ದೇವೆ. ಇಪ್ಪತ್ತು ಜನ ಕೂರುವಷ್ಟು ಜಾಗ. ಎಸ್ಪ್ರೆಸೊ ಮೆಷಿನ್ ಬಂದಾಗಿದೆ, ದಿನಾ ಅಭ್ಯಾಸವೂ ನಡೆದಿದೆ. ಆದರೆ ಕಾಫಿಯ ಮೇಲೆ ಹಾಲು ಸುರಿದು ನೊರೆಯಲ್ಲಿ ಹೃದಯ ಬಿಡಿಸಲು ಹೋದರೆ ಒಮ್ಮೆ ಬಿಳಿ ಗುಡ್ಡೆ ಬೀಳುತ್ತದೆ, ಇನ್ನೊಮ್ಮೆ ಏನೂ ಕಾಣುವುದಿಲ್ಲ. ಕೈ ಕುದುರಲು ಎಷ್ಟು ದಿನ ಬೇಕು? ಸ್ಟೆನ್ಸಿಲ್ ಇಟ್ಟು ಚಾಕೊಲೇಟ್ ಪುಡಿ ಉದುರಿಸಿದರೆ ಸಾಲದಾ? ಜನ ಬಂದು ಸ್ವಲ್ಪ ಹೊತ್ತು ಕೂರಬೇಕು ಅಂದರೆ ಖರ್ಚು ಎಲ್ಲಿ ಮಾಡಬೇಕು, ಗೋಡೆಯ ಚಿತ್ರಕ್ಕಾ, ಲೈಟಿಗಾ? ಮೆಷಿನನ್ನು ಬಂದವರಿಗೆ ಕಾಣುವಂತೆ ಇಡಬೇಕಾ, ಗೋಡೆಗೆ ಒತ್ತಿ ಇಡಬೇಕಾ?

ಉತ್ತರ: ಮೊದಲು ನಿಮ್ಮ ಬಿಳಿ ಗುಡ್ಡೆಯ ವಿಷಯ ಮಾತಾಡೋಣ. ಉಳಿದ ಪ್ರಶ್ನೆಗಳ ದಾರಿಯೂ ಅಲ್ಲಿಂದಲೇ ಸಿಗುತ್ತದೆ.

ಒಮ್ಮೆ ಗುಡ್ಡೆ, ಒಮ್ಮೆ ಏನೂ ಇಲ್ಲ. ಇವೆರಡೂ ತದ್ವಿರುದ್ಧವಾದ ತಪ್ಪುಗಳು. ಗುಡ್ಡೆ ಬಿದ್ದರೆ ನೊರೆ ಜಾಸ್ತಿಯಾಗಿದೆ. ಏನೂ ಕಾಣದಿದ್ದರೆ ನೊರೆ ಕಡಿಮೆಯಾಗಿದೆ, ಇಲ್ಲವೇ ಜಗ್ಗನ್ನು ಕೊನೆತನಕ ಎತ್ತರದಲ್ಲೇ ಹಿಡಿದಿದ್ದೀರಿ. ಎರಡೂ ತಪ್ಪು ಒಬ್ಬರ ಕೈಯಲ್ಲೇ ಆಗುತ್ತಿವೆ ಅಂದರೆ ನಿಮ್ಮ ಹಾಲು ಪ್ರತಿ ಸಲ ಬೇರೆ ಬೇರೆ ಹದಕ್ಕೆ ಬರುತ್ತಿದೆ ಅಂತ ಅರ್ಥ. ಹದ ಹೀಗೆ ಬದಲಾಗುತ್ತಿರುವಾಗ ಸುರಿಯುವ ಕೈ ಏನು ತಾನೇ ಕಲಿಯಲು ಸಾಧ್ಯ? ನನ್ನ ಹತ್ತಿರ ಕಲಿಯಲು ಬರುವವರನ್ನು ಮೊದಲ ವಾರ ನಾನು ಚಿತ್ರ ಬಿಡಿಸಲು ಬಿಡುವುದೇ ಇಲ್ಲ. ಹಾಲನ್ನು ಸ್ಟೀಮ್ ಮಾಡು, ಅಂದರೆ ಮೆಷಿನ್ನಿನ ಕೊಳವೆಯಿಂದ ಹಬೆ ಬಿಟ್ಟು ಬಿಸಿ ಮಾಡಿ ನೊರೆ ಬರಿಸು, ಜಗ್ಗಿನಲ್ಲಿ ತಿರುಗಿಸಿ ನೋಡು, ಮತ್ತೆ ಮಾಡು. ಅಷ್ಟೇ. ಅವರಿಗೆ ಬೇಸರವಾಗುತ್ತದೆ, ನನಗೆ ಗೊತ್ತು. ಆದರೆ ಎರಡನೇ ವಾರ ಮೊದಲ ಹೃದಯ ತಾನಾಗಿ ಬಂದಾಗ ಅವರ ಮುಖ ನೋಡಬೇಕು.

ಜಗ್ಗಿನೊಳಗೆ ನಡೆಯುವುದು ಇಷ್ಟು. ಹಸುವಿನ ಹಾಲಿನಲ್ಲಿ ಸುಮಾರು ಶೇ. 3ಕ್ಕಿಂತ ತುಸು ಜಾಸ್ತಿ ಪ್ರೋಟೀನ್ ಇರುತ್ತದೆ. ಹಬೆಯ ಜೊತೆ ಗಾಳಿ ಒಳಗೆ ಹೋದಾಗ ಈ ಪ್ರೋಟೀನ್ ಪ್ರತಿ ಗುಳ್ಳೆಯ ಸುತ್ತ ಪೊರೆಯ ಹಾಗೆ ಕೂತು ಗುಳ್ಳೆ ಒಡೆಯದಂತೆ ಹಿಡಿದುಕೊಳ್ಳುತ್ತದೆ. ಕೊಬ್ಬು ಬಾಯಿಗೆ ನುಣುಪು ಕೊಡುತ್ತದೆ. ಕೊಬ್ಬು ತೆಗೆದ ಹಾಲಿನಲ್ಲಿ ನೊರೆ ಬೇಗ ಏಳುತ್ತದೆ, ಆದರೆ ಒಣ ಒಣಗಿರುತ್ತದೆ, ಚಿತ್ರಕ್ಕೆ ಒಗ್ಗುವುದಿಲ್ಲ. ನೀವು ಕೆನೆ ಇರುವ ಪೂರ್ತಿ ಹಾಲಿನಲ್ಲೇ ಕಲಿಯಿರಿ. ಹಾಲು ಹಳತಾದರೆ ಗುಳ್ಳೆ ನಿಲ್ಲುವುದಿಲ್ಲ. ಕೈ ಸರಿಯಿದ್ದೂ ದಿನವಿಡೀ ನೊರೆ ಕೈಕೊಟ್ಟರೆ ಒಮ್ಮೆ ಹಾಲನ್ನೇ ಅನುಮಾನಿಸಿ.

ಫ್ರಿಜ್‌ನಿಂದ ಆಗಷ್ಟೇ ತೆಗೆದ, 4 ಡಿಗ್ರಿಯ ಆಸುಪಾಸಿನ ಹಾಲು ತಗೊಳ್ಳಿ. ತಣ್ಣಗಿದ್ದಷ್ಟೂ ನಿಮಗೆ ಸಮಯ ಜಾಸ್ತಿ ಸಿಗುತ್ತದೆ. ಜಗ್ಗಿನ ಮೂತಿ ಶುರುವಾಗುವ ಜಾಗಕ್ಕಿಂತ ಸ್ವಲ್ಪ ಕೆಳಗಿನವರೆಗೆ ತುಂಬಿ. ಸ್ಟೀಮ್ ಕೊಳವೆಯ ತುದಿ ಹಾಲಿನ ಮೇಲ್ಮೈಯಿಂದ ಒಂದಿಷ್ಟೇ ಕೆಳಗೆ, ಮಧ್ಯದಿಂದ ತುಸು ಪಕ್ಕಕ್ಕೆ ಇರಲಿ. ಹಬೆ ಪೂರ್ತಿ ತೆರೆಯಿರಿ. ಈಗ ಕಿವಿ ಕೊಡಿ. ತೆಳು ಕಾಗದ ಹರಿದ ಹಾಗೆ ಚುರ್, ಚುರ್ ಅಂತ ಸದ್ದು ಬರಬೇಕು. ಗಾಳಿ ಒಳಗೆ ಹೋಗುವ ಸದ್ದು ಅದು. ಇನ್ನೊಂದು ಕೈ ಜಗ್ಗಿನ ಮೇಲಿರಲಿ. ಜಗ್ಗಿನ ತಣ್ಪು ಹೋಗಿ ಮೈಯಷ್ಟೇ ಬಿಸಿ ಅನಿಸಿದ ಕೂಡಲೇ, ಅಂದರೆ ಸುಮಾರು 35 ಡಿಗ್ರಿ ದಾಟುವ ಹೊತ್ತಿಗೆ, ಗಾಳಿ ಸಾಕು. ತುದಿಯನ್ನು ಇನ್ನೊಂದಿಷ್ಟು ಮುಳುಗಿಸಿ. ಹಾಲು ಸುಳಿಯ ಹಾಗೆ ಗಿರ್ರನೆ ತಿರುಗಬೇಕು. ಈ ಸುಳಿಯೇ ದೊಡ್ಡ ಗುಳ್ಳೆಗಳನ್ನು ಎಳೆದು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣದು ಮಾಡುತ್ತದೆ. ಕೈ ಇಟ್ಟುಕೊಳ್ಳಲು ಆಗದಷ್ಟು ಬಿಸಿಯಾದಾಗ ಹಬೆ ನಿಲ್ಲಿಸಿ. ಅದು 60 ಡಿಗ್ರಿಯ ಆಸುಪಾಸು.

ತಪ್ಪುವುದು ಗಾಳಿಯ ಆ ಮೊದಲ ಮೂರು ನಾಲ್ಕು ಸೆಕೆಂಡಿನಲ್ಲಿ. ಒಂದು ಸೆಕೆಂಡ್ ಜಾಸ್ತಿಯಾದರೆ ನಿಮ್ಮ ಗುಡ್ಡೆ. ಒಂದು ಸೆಕೆಂಡ್ ಕಡಿಮೆಯಾದರೆ ನಿಮ್ಮ ಖಾಲಿ ಕಪ್ಪು. ಅದಕ್ಕೇ ಈ ವಾರ ಚಿತ್ರ ಮರೆತುಬಿಡಿ. ಪ್ರತಿ ಸಲ ಒಂದೇ ಜಗ್ಗು, ಒಂದೇ ಅಳತೆಯ ಹಾಲು, ಚುರ್ ಸದ್ದು ಎಷ್ಟು ಸಲ ಬಂತು ಅನ್ನುವ ಲೆಕ್ಕ. ಒಂದು ಚೀಟಿಯಲ್ಲಿ ಬರೆದಿಡಿ. ಸರಿಯಾದ ಹಾಲು ಹೇಗಿರುತ್ತದೆ ಅಂದರೆ, ಗೋಡೆಗೆ ಆಗಷ್ಟೇ ಹಚ್ಚಿದ ಬಣ್ಣದ ಹಾಗೆ ಮಿರಿಮಿರಿ ಮಿಂಚುತ್ತದೆ. ಮೇಲೆ ಒಂದು ಗುಳ್ಳೆಯೂ ಕಾಣುವುದಿಲ್ಲ. ಜಗ್ಗನ್ನು ತಿರುಗಿಸಿದರೆ ನೊರೆ ಬೇರೆ, ಹಾಲು ಬೇರೆ ಅಂತ ಅನಿಸುವುದಿಲ್ಲ, ಒಟ್ಟಿಗೆ ಹೊರಳುತ್ತದೆ. ಹಾಗೆ ಬಂದ ಮೇಲೆ ಸುಮ್ನೆ ಇಟ್ಟುಕೊಂಡು ನಿಲ್ಲಬೇಡಿ. ಅರ್ಧ ನಿಮಿಷದಲ್ಲೇ ನೊರೆ ಮೇಲಕ್ಕೂ ಹಾಲು ಕೆಳಕ್ಕೂ ಬೇರೆಯಾಗಲು ಶುರು. ಸುರಿಯುವ ತನಕ ತಿರುಗಿಸುತ್ತಲೇ ಇರಿ.

ಬಿಸಿಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 70 ಡಿಗ್ರಿ ದಾಟಿದ ಹಾಲಿಗೆ ಕುದಿಸಿದ ವಾಸನೆ ಬರುತ್ತದೆ, ಅದರಲ್ಲಿರುವ ಸಿಹಿ ಮುಚ್ಚಿಹೋಗುತ್ತದೆ, ನೊರೆಯೂ ಒರಟಾಗುತ್ತದೆ. ಯಾರಾದರೂ ತುಂಬಾ ಬಿಸಿ ಬೇಕು ಅಂದರೆ ಮೊದಲು ಕಪ್ಪನ್ನು ಬಿಸಿನೀರಿನಲ್ಲಿ ಚೆನ್ನಾಗಿ ಕಾಯಿಸಿ ಕೊಡಿ. ಬಹಳ ಜನಕ್ಕೆ ಅಷ್ಟೇ ಸಾಕಾಗುತ್ತದೆ.

ಇನ್ನು ಹಾಲಿನ ಕೆಳಗಿರುವ ಕಾಫಿ. ಬಿಳಿ ಚಿತ್ರ ಕಾಣಲು ಕಂದು ಹಾಸು ಬೇಕಲ್ವಾ? ಆ ಹಾಸೇ ಕ್ರೆಮಾ. ಹುರಿದ ಬೀಜದಲ್ಲಿ ಸಿಕ್ಕಿಕೊಂಡಿರುವ ಇಂಗಾಲದ ಡೈಆಕ್ಸೈಡ್ ಒತ್ತಡದ ನೀರಿನಲ್ಲಿ ಹೊರಬಂದು, ಕಾಫಿಯ ಎಣ್ಣೆಯಂಶದ ಜೊತೆ ಸೇರಿ ಆಗುವ ಸಣ್ಣ ನೊರೆ. ಇಟಲಿಯ ಮಿಲಾನ್‌ನ ಅಕಿಲೆ ಗಾಜಿಯಾ 1938ರಲ್ಲಿ ಹೊಸ ಬಗೆಯ ಮೆಷಿನ್ನಿಗೆ ಪೇಟೆಂಟ್ ಮಾಡಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಿಡಿಕೆ ಎಳೆದು ನೀರಿಗೆ ಒತ್ತಡ ಕೊಡುವ ಅವರ ಲಿವರ್ ಮೆಷಿನ್‌ಗಳು ಬಂದವು. ಅದಕ್ಕೂ ಮುಂಚಿನ ಹಬೆ ಮೆಷಿನ್‌ಗಳಲ್ಲಿ ಒತ್ತಡ ಕಡಿಮೆಯಿತ್ತು, ಈ ಪದರ ಹೀಗೆ ನಿಲ್ಲುತ್ತಿರಲಿಲ್ಲ. ಈಗ ರೂಢಿಯಲ್ಲಿರುವುದು 9 ಬಾರ್, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು. 18 ಗ್ರಾಂ ಪುಡಿ ಹಾಕಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಸುವುದು ಕಲಿಯಲು ಒಳ್ಳೆಯ ಅಳತೆ. ನೆನ್ನೆ ಹುರಿದ ಬೀಜ ಬಳಸಬೇಡಿ. ಅದರ ಕ್ರೆಮಾ ಉಬ್ಬಿಕೊಂಡು ಗುಳ್ಳೆ ಗುಳ್ಳೆಯಾಗಿರುತ್ತದೆ, ಚಿತ್ರದ ಅಂಚು ಒಡೆಯುತ್ತದೆ. ವಾರ, ಹತ್ತು ದಿನ ಕೂತ ಬೀಜ ಚೆನ್ನ. ತಿಂಗಳುಗಟ್ಟಲೆ ಹಳೆಯದಾದರೆ ಕ್ರೆಮಾವೇ ತೆಳ್ಳಗಾಗಿ, ಬಿಳಿ ಚಿತ್ರ ಬೂದು ಬಣ್ಣಕ್ಕೆ ತಿರುಗುತ್ತದೆ.

ಸುರಿಯುವುದಕ್ಕೆ ಬರೋಣ. ಗುಟ್ಟು ಇರುವುದು ಎತ್ತರದಲ್ಲಿ. ಎತ್ತರದಿಂದ ಬಿದ್ದ ಹಾಲು ಆ ವೇಗಕ್ಕೆ ಕ್ರೆಮಾ ತೂರಿ ತಳಕ್ಕೆ ಹೋಗುತ್ತದೆ, ಮೇಲೆ ಕಂದು ಬಣ್ಣವೇ ಉಳಿಯುತ್ತದೆ. ಹತ್ತಿರದಿಂದ ಸುರಿದರೆ ನೊರೆ ಜಾರಿಕೊಂಡು ಮೇಲೆಯೇ ತೇಲುತ್ತದೆ. ಹಾಗಾಗಿ ಕಪ್ಪನ್ನು ಓರೆ ಮಾಡಿ, ನಾಲ್ಕು ಬೆರಳಿನಷ್ಟು ಎತ್ತರದಿಂದ ಸಣ್ಣ ಧಾರೆಯಲ್ಲಿ ಶುರು ಮಾಡಿ. ಕಪ್ಪು ಅರ್ಧಕ್ಕಿಂತ ತುಸು ಮೇಲೆ ತುಂಬಿದಾಗ ಜಗ್ಗಿನ ಮೂತಿಯನ್ನು ಕಾಫಿಗೆ ತಾಗಿಯೂ ತಾಗದ ಹಾಗೆ ಇಳಿಸಿ, ಧಾರೆ ದಪ್ಪ ಮಾಡಿ. ಇಲ್ಲಿ ಎಲ್ಲರೂ ಹೆದರುತ್ತಾರೆ. ಹತ್ತಿರ ಬಂದ ಕೂಡಲೇ ಧಾರೆ ಸಣ್ಣ ಮಾಡಿಬಿಡುತ್ತಾರೆ. ಆಗ ಹಾಲು ಮಾತ್ರ ಇಳಿಯುತ್ತದೆ, ನೊರೆ ಜಗ್ಗಿನಲ್ಲೇ ಉಳಿಯುತ್ತದೆ. ಕೊನೆಗೆ ಗಾಬರಿಯಲ್ಲಿ ಬಗ್ಗಿಸಿದಾಗ ಆ ನೊರೆಯೆಲ್ಲ ಒಟ್ಟಿಗೆ ಬಿದ್ದು ಗುಡ್ಡೆಯಾಗುತ್ತದೆ. ನಿಮ್ಮ ಕೆಲವು ಗುಡ್ಡೆಗಳು ಹೀಗೆ ಹುಟ್ಟಿರಬಹುದು. ಬಿಳಿ ಸುತ್ತು ಅರಳುತ್ತಿದ್ದ ಹಾಗೆ ಕಪ್ಪನ್ನು ನಿಧಾನಕ್ಕೆ ನೇರ ಮಾಡಿ. ತುಂಬಲು ಸ್ವಲ್ಪ ಬಾಕಿ ಇರುವಾಗ ಜಗ್ಗನ್ನು ಎತ್ತಿ, ನೂಲಿನಂಥ ಧಾರೆಯಲ್ಲಿ ಆ ಸುತ್ತಿನ ನಡುವೆ ಗೆರೆ ಎಳೆದುಬಿಡಿ. ಹೃದಯ.

ಹೃದಯ ಹತ್ತು ಸಲದಲ್ಲಿ ಎಂಟು ಸಲ ಒಂದೇ ಥರ ಬಂದ ಮೇಲಷ್ಟೇ ಟ್ಯುಲಿಪ್ ಹೂವಿನ ಚಿತ್ರಕ್ಕೆ ಹೋಗಿ. ಅದರಲ್ಲಿ ಸುರಿದು, ನಿಲ್ಲಿಸಿ, ಹಿಂದಿನಿಂದ ಇನ್ನೊಂದು ಸುತ್ತು ತಳ್ಳುವುದು. ರೊಸೆಟ್ಟಾ ಎಲೆ ಅದರ ನಂತರ. ಅಲ್ಲಿ ಮಣಿಕಟ್ಟು ಸಡಿಲ ಬಿಟ್ಟು ಜಗ್ಗನ್ನು ಅತ್ತಿತ್ತ ತೂಗುತ್ತಾ ಹಿಂದಕ್ಕೆ ಬರಬೇಕು. ದಿನಕ್ಕೆ ಹತ್ತು ಹದಿನೈದು ಜಗ್ಗು ಗಮನವಿಟ್ಟು ಮಾಡಿದರೆ ಮೂರು ವಾರದಲ್ಲಿ ಹೃದಯ, ಎರಡನೇ ತಿಂಗಳ ಕೊನೆಗೆ ಟ್ಯುಲಿಪ್ ನಿಮ್ಮ ಕೈಗೆ ಬರುತ್ತವೆ ಅಂತ ನನ್ನ ಅನುಭವ. ಹಂಸ, ನವಿಲು ಇವೆಲ್ಲ ಮುಂದಿನ ವರ್ಷ. ತಂಗಿಯೂ ಜೊತೆಗೆ ಕಲಿಯಲಿ. ಒಬ್ಬರು ಸುರಿಯುವಾಗ ಇನ್ನೊಬ್ಬರು ಮೊಬೈಲಿನಲ್ಲಿ ಪಕ್ಕದಿಂದ ವಿಡಿಯೋ ಮಾಡಿ. ಜಗ್ಗು ಎಷ್ಟು ದೂರದಲ್ಲಿತ್ತು ಅನ್ನುವುದು ಮೇಲಿನಿಂದ ನೋಡುವ ನಿಮ್ಮ ಕಣ್ಣಿಗೆ ತಿಳಿಯುವುದಿಲ್ಲ, ಪಕ್ಕದ ವಿಡಿಯೋದಲ್ಲಿ ತಿಳಿಯುತ್ತದೆ.

ಹಾಲು ಪೋಲಾಗುವುದು ನನಗೆ ಇವತ್ತಿಗೂ ಹೊಟ್ಟೆ ಉರಿಸುವ ವಿಷಯ. ಅದಕ್ಕೇ ಒಂದು ಉಪಾಯ ಹೇಳುತ್ತೇನೆ. ತಣ್ಣೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದೇ ಒಂದು ಸಣ್ಣ ಹನಿ ಹಾಕಿ ಸ್ಟೀಮ್ ಮಾಡಿ. ಹೆಚ್ಚುಕಡಿಮೆ ಹಾಲಿನ ಹಾಗೆಯೇ ನೊರೆ ಬರುತ್ತದೆ. ಕಪ್ಪಿನಲ್ಲಿ ಕಾಫಿಯ ಬದಲು ಬಿಸಿನೀರಿಗೆ ಚೂರು ಕೋಕೋ ಪುಡಿ ಕಲಸಿಟ್ಟುಕೊಳ್ಳಿ. ಕೈಯ ಅಭ್ಯಾಸಕ್ಕೆ ಇದು ಧಾರಾಳ ಸಾಕು. ಮುಗಿದ ಮೇಲೆ ಜಗ್ಗು, ಕಪ್ಪು, ಕೊಳವೆ ಎಲ್ಲವನ್ನೂ ಚೆನ್ನಾಗಿ ತೊಳೆಯಿರಿ, ಆ ನೀರನ್ನು ಯಾರೂ ಕುಡಿಯದ ಹಾಗೆ ನೋಡಿಕೊಳ್ಳಿ.

ಸ್ಟೆನ್ಸಿಲ್ ಸಾಲದಾ ಅಂತ ಕೇಳಿದ್ದೀರಿ. ತಪ್ಪೇನಿಲ್ಲ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಸ್ಟೆನ್ಸಿಲ್ಲಿಗೆ ಗಟ್ಟಿ ನೊರೆ ಸಾಕು, ಹದವಾದ ಹಾಲು ಬೇಕಿಲ್ಲ. ಅಂದರೆ ಕೆಟ್ಟ ಹಾಲೂ ಅದರ ಕೆಳಗೆ ಅಡಗಿಕೊಳ್ಳಬಹುದು. ಸುರಿದು ಬಿಡಿಸಿದ ಚಿತ್ರದಲ್ಲಿ ಅಡಗಲು ಜಾಗವೇ ಇಲ್ಲ. ಗೆರೆ ಚೂಪಾಗಿದೆ ಅಂದರೆ ಹಾಲು ಹದವಾಗಿದೆ, ಕಾಫಿ ತಾಜಾ ಇದೆ, ಮಾಡಿದವರು ತಡಮಾಡದೆ ಕೊಟ್ಟಿದ್ದಾರೆ ಅಂತ ಅದೇ ಹೇಳಿಬಿಡುತ್ತದೆ. ಈ ಕಲೆಯನ್ನು ನಾನು ಪ್ರೀತಿಸುವುದು ಇದಕ್ಕೇ. ದಾಲ್ಚಿನ್ನಿ ಪುಡಿ ಮೊದಲ ಗುಟುಕಿನಲ್ಲೇ ತುಟಿಗೆ, ಗಂಟಲಿಗೆ ಹತ್ತುತ್ತದೆ, ಕೇಳಿದವರಿಗಷ್ಟೇ ಹಾಕಿ. ಕಡ್ಡಿಯಲ್ಲಿ ಗೆರೆ ಎಳೆದು ಮುಖ, ಹೂವು ಬಿಡಿಸುವುದು ಚಂದವೇ, ಆದರೆ ಅರ್ಧ ನಿಮಿಷದೊಳಗೆ ಮುಗಿಯಬೇಕು. ನೊರೆಯನ್ನು ಗೊಂಬೆಯ ಹಾಗೆ ಎತ್ತರಕ್ಕೆ ನಿಲ್ಲಿಸುವುದೂ ಇದೆ. ಮಕ್ಕಳಿಗೆ ಬಹಳ ಇಷ್ಟ. ಅದಕ್ಕೆ ಬೇಕಾದ ಗಟ್ಟಿ ಒಣ ನೊರೆ ಕುಡಿಯಲು ಅಷ್ಟು ಹಿತವಲ್ಲ, ಹೊತ್ತೂ ಹಿಡಿಯುತ್ತದೆ.

ಸುರಿದು ಬಿಡಿಸುವ ಈ ಕಲೆ ಬಹಳ ಹಳೆಯದೇನಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಕಾಫಿ ಅಂಗಡಿ ನಡೆಸುತ್ತಿದ್ದ ಡೇವಿಡ್ ಶೋಮರ್ 1980ರ ದಶಕದ ಕೊನೆಯಿಂದ ಇದನ್ನು ತಿದ್ದಿ, ಬೇರೆಯವರಿಗೂ ಕಲಿಸಿ ಹರಡಿದರು. ಇಟಲಿಯಲ್ಲಿ ಲುಯಿಜಿ ಲೂಪಿ ಇದೇ ದಾರಿಯಲ್ಲಿದ್ದರು. 2005ರಿಂದ ಈ ಕಲೆಗೆ, ಅಂದರೆ ಲಾಟೆ ಆರ್ಟಿಗೆ, ವಿಶ್ವಮಟ್ಟದ ಸ್ಪರ್ಧೆ ನಡೆಯುತ್ತಿದೆ. ಅಲ್ಲಿನ ಒಂದು ಕ್ರಮ ನಿಮಗೆ ಹೇಳಲೇಬೇಕು. ಒಂದು ಸುಂದರ ಕಪ್ಪು ಮಾಡಿಟ್ಟರೆ ಅಲ್ಲಿ ಸಾಲದು, ಅದೇ ಚಿತ್ರವನ್ನು ಇನ್ನೊಂದು ಕಪ್ಪಿನಲ್ಲೂ ತದ್ರೂಪು ಮಾಡಿ ತೋರಿಸಬೇಕು. ಅಂಗಡಿಗೂ ಬೇಕಾದದ್ದು ಅದೇ. ಗೆಳತಿಯರಿಬ್ಬರು ಬಂದು ಕೂತಾಗ ಒಬ್ಬಳಿಗೆ ಹೂವು, ಇನ್ನೊಬ್ಬಳಿಗೆ ಗುಡ್ಡೆ ಹೋದರೆ ಎರಡನೆಯವಳಿಗೆ ಎಷ್ಟು ಬೇಜಾರಾಗಬೇಡ?

ಚಿತ್ರದಿಂದ ಏನು ಲಾಭ ಅಂತಲೂ ಜನ ಕೇಳುತ್ತಾರೆ. ಆಸ್ಟ್ರೇಲಿಯಾದ ಜಾರ್ಜ್ ವಾನ್ ಡೋರ್ನ್, ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಜೊತೆಗಾರರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲೆ ಚಿತ್ರವಿದ್ದ ಕಾಫಿಗೆ ಜನ ಜಾಸ್ತಿ ಬೆಲೆ ಕೊಡಲು ತಯಾರಿದ್ದರು. ವಾನ್ ಡೋರ್ನ್, ಸ್ಪೆನ್ಸ್ ಅದರ ಹಿಂದಿನ ವರ್ಷ ಕಾಫಿ ಕುಡಿಯುವ ಕಪ್ಪಿನ ಬಣ್ಣವನ್ನೂ ಪರೀಕ್ಷಿಸಿದ್ದರು. ಬಿಳಿ ಕಪ್ಪಿನಲ್ಲಿ ಕುಡಿದವರಿಗೆ ಪಾರದರ್ಶಕ ಗಾಜಿನ ಕಪ್ಪಿಗಿಂತ ಕಾಫಿ ಕಡಕ್ ಅನಿಸಿತ್ತು. ಹಾಗಾಗಿ ಕಪ್ಪು ಕೊಳ್ಳುವಾಗ ಚಿಲ್ಲರೆ ವಿಷಯ ಅಂದುಕೊಳ್ಳಬೇಡಿ. ಒಳಗಿನ ತಳ ದುಂಡಗಿರಲಿ, ಬಾಯಿ ಅಗಲವಿರಲಿ. ಚೌಕ ತಳದ, ಉದ್ದನೆಯ ಕಪ್ಪಿನಲ್ಲಿ ಹಾಲು ಸರಾಗ ತಿರುಗುವುದಿಲ್ಲ, ಚಿತ್ರ ಇಕ್ಕಟ್ಟಾಗುತ್ತದೆ.

ಈಗ ಅಂಗಡಿಯ ಒಳಗೆ. ಗೋಡೆಯಾ, ಲೈಟಾ ಅಂತ ಕೇಳಿದ್ದೀರಿ. ನಾನಾದರೆ ಮೊದಲ ಖರ್ಚು ಕಿವಿಗೆ ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹೊಸ ಅಂಗಡಿಯೊಂದರ ಹುಡುಗರಿಗೆ ಕಲಿಸಲು ಹೋಗಿದ್ದೆ. ನಯವಾದ ಕಾಂಕ್ರೀಟ್ ನೆಲ, ಎರಡು ಕಡೆ ಗಾಜು, ಬೋಳು ಸೂರು. ಫೋಟೋದಲ್ಲಿ ಕಣ್ಣು ತಣಿಯುವಷ್ಟು ಚಂದ. ಹದಿನೈದು ಜನ ತುಂಬಿದ್ದೇ ತಡ, ಎದುರಿಗೆ ಕೂತವರ ಮಾತು ಕೇಳುತ್ತಿರಲಿಲ್ಲ. ಗಟ್ಟಿ ಮೇಲ್ಮೈಗಳು ಸದ್ದನ್ನು ನುಂಗುವುದಿಲ್ಲ, ವಾಪಸ್ ಎಸೆಯುತ್ತವೆ. ಸದ್ದು ಏರಿದಾಗ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ಗುರುತಿಸಿದ್ದರು. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದವರೂ ಏರಿಸುತ್ತಾರೆ, ಮೇಲಿಂದ ಮ್ಯೂಸಿಕ್ಕನ್ನೂ ಏರಿಸಬೇಕಾಗುತ್ತದೆ. ಜನ ಬೇಗ ಕುಡಿದು ಎದ್ದು ಹೋಗುತ್ತಿದ್ದರು. ಕೌಂಟರಿನಲ್ಲಿ ಆರ್ಡರ್ ತಪ್ಪಾಗಿ ಕೇಳಿಸಿ ಹುಡುಗರು ಬೈಸಿಕೊಳ್ಳುತ್ತಿದ್ದರು. ಕೊನೆಗೆ ಸೂರಿಗೆ ಸದ್ದು ಹೀರುವ ಹಲಗೆ, ಗಾಜಿಗೆ ದಪ್ಪ ಪರದೆ, ಮೇಜಿನ ಅಡಿಗೆ ದಪ್ಪ ಬಟ್ಟೆ ಅಂಟಿಸಿ, ಗ್ರೈಂಡರನ್ನು ಒಳಮೂಲೆಗೆ ಸರಿಸಿದ ಮೇಲೆ ಆ ಜಾಗಕ್ಕೆ ಉಸಿರು ಬಂತು.

ಪೂರ್ತಿ ನಿಶ್ಶಬ್ದವೂ ಬೇಡ. ರವಿ ಮೆಹ್ತಾ, ರೂಯಿ ಝು, ಅಮರ್ ಚೀಮಾ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50 ಡೆಸಿಬೆಲ್‌ನ ಸದ್ದಿಗಿಂತ 70 ಡೆಸಿಬೆಲ್‌ನಲ್ಲಿ ಜನ ಹೊಸ ಯೋಚನೆ ಬೇಡುವ ಕೆಲಸಗಳನ್ನು ಚೆನ್ನಾಗಿ ಮಾಡಿದರು. 85ಕ್ಕೆ ಏರಿದಾಗ ಆ ಲಾಭ ಹೋಯಿತು. ಮೊಬೈಲಿನ ಡೆಸಿಬೆಲ್ ಆ್ಯಪ್ ಅಷ್ಟು ಕರಾರುವಾಕ್ಕಲ್ಲ, ಆದರೂ ಅಂದಾಜು ಕೊಡುತ್ತದೆ. ನಾಲ್ಕು ಕುರ್ಚಿ ಎಳೆದು, ಗ್ರೈಂಡರ್ ಓಡಿಸಿ, ಹಬೆ ಬಿಟ್ಟು ಅಳೆದು ನೋಡಿ. ಅಂದ ಹಾಗೆ, ಗಾಳಿ ಸೇರದ ಹಾಲು ಕಿವಿ ಕೊರೆಯುವ ಹಾಗೆ ಕಿರುಚುತ್ತದೆ, ಸರಿಯಾಗಿ ಸ್ಟೀಮ್ ಆದ ಹಾಲು ಮೆಲ್ಲಗೆ ಗುಡುಗುಟ್ಟುತ್ತದೆ. ದಿನಕ್ಕೆ ನೂರು ಜಗ್ಗು ಕಿರುಚುವ ಅಂಗಡಿಯಲ್ಲಿ ಯಾವ ಗೋಡೆಚಿತ್ರವೂ ಮನಸ್ಸಿಗೆ ನೆಮ್ಮದಿ ಕೊಡದು. ನಿಮ್ಮ ಹಾಲಿನ ಹದ ಕಪ್ಪಿನಲ್ಲಿ ಮಾತ್ರ ಅಲ್ಲ, ಇಡೀ ಕೋಣೆಯಲ್ಲಿ ಕೇಳಿಸುತ್ತದೆ.

ಮೂಗಿಗೆ ಖರ್ಚೇ ಇಲ್ಲ. ಆಗಷ್ಟೇ ಪುಡಿ ಮಾಡಿದ ಬೀಜದ ಘಮಕ್ಕಿಂತ ಒಳ್ಳೆಯ ಪರಿಮಳ ಕೊಳ್ಳಲು ಸಿಗುವುದಿಲ್ಲ, ಊದುಬತ್ತಿ, ರೂಮ್ ಸ್ಪ್ರೇ ಎರಡೂ ಬೇಡ. ಅದನ್ನು ಕೆಡಿಸುವುದು ಒಂದೇ, ಹಾಲು ಒರೆಸಿದ ಹಳೆ ಬಟ್ಟೆ. ಕೊಳವೆಗೆ ಪ್ರತ್ಯೇಕ ಒದ್ದೆ ಬಟ್ಟೆ ಇಡಿ, ದಿನದಲ್ಲಿ ನಾಲ್ಕೈದು ಸಲ ಬದಲಿಸಿ. ಪ್ರತಿ ಜಗ್ಗಿನ ಮುಂಚೆಯೂ ನಂತರವೂ ಒಂದು ಕ್ಷಣ ಹಬೆ ಬಿಟ್ಟು ಒರೆಸಿ.

ಲೈಟು ಬೆಚ್ಚಗಿನ ಬಣ್ಣದ್ದಿರಲಿ, ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ 2700ರಿಂದ 3000 ಕೆಲ್ವಿನ್. ಮುಖದ ಮೇಲೆ ನೇರ ಬೀಳದೆ ಮೇಜಿನ ಮೇಲೆ ಬೀಳಲಿ. ನೀಲಿ ಛಾಯೆಯ ಬೆಳಕಿನಲ್ಲಿ ಕ್ರೆಮಾ ಕಳೆಗುಂದಿ ಕಾಣುತ್ತದೆ. ಗೋಡೆಚಿತ್ರ ಆರು ತಿಂಗಳು ಕಾಯಲಿ. ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ ಅಂತ ನೋಡಿದ ಮೇಲೆ ಏನು ಬರೆಸಬೇಕು ಅಂತ ನಿಮಗೇ ಹೊಳೆಯುತ್ತದೆ. ಕುರ್ಚಿಗಳಲ್ಲಿ ಆದಷ್ಟು ಹೆಚ್ಚಿನವು ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗಿರಲಿ. ಬೆನ್ನ ಹಿಂದೆ ಜನ ಓಡಾಡುವ ಜಾಗದಲ್ಲಿ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ಒಬ್ಬರೇ ಬಂದವರಿಗೆ ಅಂತಲೇ ನಾಲ್ಕು ಜಾಗ ಮಾಡಿ. ಅಮೆರಿಕದ ಸಮಾಜಶಾಸ್ತ್ರಜ್ಞ ರೇ ಓಲ್ಡನ್‌ಬರ್ಗ್ ಮನೆ, ಕೆಲಸ ಎರಡೂ ಅಲ್ಲದ ಇಂಥ ತಾಣವನ್ನು 1989ರಲ್ಲಿ ಮೂರನೇ ಜಾಗ ಅಂತ ಕರೆದರು. ಅಂಥ ಕಡೆ ಜೀವ ತುಂಬುವುದು ಮತ್ತೆ ಮತ್ತೆ ಬರುವ ಮಾಮೂಲಿ ಜನ ಅಂತ ಅವರ ಮಾತು. ಮಾಮೂಲಿ ಆಗುವವರು ಬಹಳ ಸಲ ಒಬ್ಬರೇ ಬರುವವರು.

ಕೊನೆಯದು ಮೆಷಿನ್. ದಯವಿಟ್ಟು ಅದನ್ನು ನಿಮ್ಮ ಮತ್ತು ಬಂದವರ ನಡುವೆ ಗೋಡೆಯ ಹಾಗೆ ನಿಲ್ಲಿಸಬೇಡಿ. ನಿಮ್ಮ ಮುಖ ಮುಚ್ಚಿ, ಬರೀ ಹಬೆ ಕಾಣುತ್ತದೆ. ನೀವು ಗೋಡೆ ಕಡೆ ತಿರುಗಿ ನಿಲ್ಲುವಂತೆ ಇಟ್ಟರೆ ಬಂದವರಿಗೆ ನಿಮ್ಮ ಬೆನ್ನು. ಮೆಷಿನ್ನಿನ ಪಕ್ಕದ ಬದಿ ಬಂದವರ ಕಡೆ ಇರುವ ಹಾಗೆ ತಿರುಗಿಸಿ ಇಡಿ. ಅದರ ಪಕ್ಕ ಎರಡು ಅಡಿ ಜಾಗ ಪೂರ್ತಿ ಖಾಲಿ ಬಿಡಿ, ಅಲ್ಲಿ ಬಿಲ್ಲಿನ ಯಂತ್ರವಾಗಲಿ ಡಬ್ಬಿಯಾಗಲಿ ಬೇಡ. ಆ ಜಾಗದ ಎತ್ತರ ನಿಮ್ಮ ಸೊಂಟದಷ್ಟಿರಲಿ, ಮೇಲೆ ಒಂದು ಬೆಚ್ಚಗಿನ ಲೈಟ್ ಇಳಿಬಿಡಿ. ಸುರಿಯುವುದು ಅಲ್ಲಿ, ಕಾಯುತ್ತಿರುವವರ ಕಣ್ಣೆದುರಿಗೆ. ಕಪ್ಪಿನ ಹಿಡಿ ಪ್ರತಿ ಸಲ ನಿಮ್ಮ ಅಂಗೈಯಲ್ಲಿ ಒಂದೇ ಕಡೆ ಇದ್ದರೆ ಚಿತ್ರ ಪ್ರತಿ ಸಲ ನೇರ ಬರುತ್ತದೆ. ಕೊಡುವಾಗ ಹಿಡಿ ಅವರ ಬಲಗೈ ಕಡೆ, ಹೃದಯದ ಚೂಪು ತುದಿ ಅವರ ಕಡೆ. ರಶ್ ಇದ್ದಾಗ ಎಲ್ಲರಿಗೂ ಬರೀ ಹೃದಯ ಸಾಕು. ಜಗ್ಗು ಕೆಟ್ಟರೆ ಚೆಲ್ಲಿ ಇನ್ನೊಂದು ಮಾಡಿ. ಅವರೂ ನೋಡುತ್ತಿರುತ್ತಾರಲ್ಲ, ಕಾಯುತ್ತಾರೆ.